ಕಣ್ಣು ಮುಚ್ಚಿ ಮನೆಗೆ

"ಸ್ವಾಮೀ, ಬಸ್ಸು ಇಳಿದೆವು," ಎಂದು ಸಿಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. "ಬಲಗಡೆ ಕಟಿಂಗ್ ಶಾಪು. ಅವನು ಹೊಸ ಕನ್ನಡಿ ಹಾಕಿಸಿದಾನೆ. ಗಿರಾಕಿಗಳಿಗಿಂತ ಅವನೇ ಜಾಸ್ತಿ ಮುಖ ನೋಡ್ಕೋತಾನಂತೆ." ಮೇಜಿನ ಆಚೆ ಕೈ ಜೋಡಿಸಿ ಕೂತಿದ್ದ ಲಾರಿ ಡ್ರೈವರ್ ಕಣ್ಣು ತೆರೆಯದೆಯೇ ಕಿಸಕ್ಕನೆ ನಕ್ಕ.

ಅದು ಪರದೇಶದ ಜೈಲು. ಕೈದಿಯನ್ನು ನೋಡಲು ಬಂದವರು ಆ ದೇಶದ ಭಾಷೆಯಲ್ಲೇ ಮಾತಾಡಬೇಕು, ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಪ್ರತಿ ಮಾತೂ ತಿಳಿಯಬೇಕು ಎಂಬುದು ಅಲ್ಲಿನ ಕಟ್ಟಳೆ. ಪ್ರಾರ್ಥನೆಗೆ ಮಾತ್ರ ವಿನಾಯಿತಿ; ದೇವರ ಹತ್ತಿರ ಯಾವ ಭಾಷೆಯಲ್ಲಾದರೂ ಮಾತಾಡಬಹುದು. ಮಂಜು ಕವಿದ ರಸ್ತೆಯಲ್ಲಿ ಲಾರಿ ಹರಿದು ಒಬ್ಬ ಸತ್ತಿದ್ದಕ್ಕೆ ಒಳಗೆ ಬಂದಿದ್ದ ಡ್ರೈವರಿಗೆ ಅಲ್ಲಿಯ ಭಾಷೆಯಲ್ಲಿ ಬರುತ್ತಿದ್ದುದು ನಾಲ್ಕೇ ಮಾತು. ಅದರಲ್ಲಿ ಎರಡು ಬೈಗುಳ. ಸಿಸ್ಟರ್ ಕೈದಿಗಳಿಗೆ ಯೇಸುವಿನ ಮಾತು ಹೇಳಲೆಂದು ಸಮುದ್ರ ದಾಟಿ ಬಂದವರು. ಇಬ್ಬರದೂ ಒಂದೇ ನಾಡು, ಒಂದೇ ನುಡಿ ಎಂದು ತಿಳಿದ ದಿನವೇ ಆ ಭೂಪ ಭಕ್ತಿಯಿಂದ ಕೈ ಜೋಡಿಸಿ, ದೇವರಿಗೆ ಹೇಳುವವನ ಹಾಗೆ ನಟಿಸಿ, "ಸಿಸ್ಟರ್, ನಂಗೆ ದೇವರು ದಿಂಡರು ಏನೂ ಬೇಡ. ನಮ್ಮಮ್ಮನ ಸಮಾಚಾರ ಬೇಕು," ಅಂದಿದ್ದ.

ಅಂದಿನಿಂದ ಇದೇ ಪ್ರಾರ್ಥನೆ. ವಾರಕ್ಕೊಮ್ಮೆ ಸಿಸ್ಟರ್ ಅವನ ಅಕ್ಕನಿಗೆ ಫೋನು ಮಾಡಿ ಊರಿನ ಸುದ್ದಿ ಕೇಳಿಕೊಂಡು ಬರುವರು. ಆಮೇಲೆ ಪ್ರಾರ್ಥನೆಯ ಮಾತಿನಲ್ಲೇ ಅವನನ್ನು ಕರೆದುಕೊಂಡು ಬಸ್ ಸ್ಟಾಪಿನಿಂದ ಹೊರಟು, ಬೀದಿ ಹಿಡಿದು, ಮನೆ ಹೊಕ್ಕು, ಕಿಟಕಿಯ ಪಕ್ಕ ಹೊಲಿಗೆ ಮಷೀನಿನ ಮುಂದೆ ಕೂತ ಅಮ್ಮನ ಹತ್ತಿರ ಹೋಗಿ ನಿಲ್ಲುವರು. ಇಬ್ಬರೂ ಕಣ್ಣು ಮುಚ್ಚಿದರೆ ಆ ಕೋಣೆಯ ಸಿಮೆಂಟು ಗೋಡೆಗಳು ತೆಳ್ಳಗಾಗಿ, ಎಲ್ಲಿಂದಲೋ ಇಸ್ತ್ರಿ ಮಾಡಿದ ಬಿಸಿ ಬಟ್ಟೆಯ ವಾಸನೆ ತೇಲಿ ಬರುತ್ತಿತ್ತು. ಸಿಸ್ಟರ್ ಆ ಬೀದಿಯನ್ನು ಕಂಡವರೇ ಅಲ್ಲ. ಆದರೂ ಈಚೆಗೆ ನಿದ್ದೆಯಲ್ಲಿ ಅಲ್ಲೇ ಓಡಾಡುತ್ತಿದ್ದರು. ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಬರೀ ಬಾಲ ಆಡಿಸುತ್ತದೆ, ಎಲ್ಲ ಗೊತ್ತಾಗಿಬಿಟ್ಟಿತ್ತು. ದೇವರೂ ಪಾಪ, ವಾರವಾರ ಇವರ ಜೊತೆ ಬೀದಿ ಸುತ್ತುತ್ತಿದ್ದ. ಇನ್ನು ಕಾವಲುಗಾರನೋ, ಈ ಡ್ರೈವರಿನಂಥ ಭಕ್ತ ಇನ್ನೊಬ್ಬನಿಲ್ಲ ಎಂದು ಜೈಲಿನ ತುಂಬ ಡಂಗುರ ಹೊಡೆದಿದ್ದ.

"ಆಮೇಲೆ ಇಸ್ತ್ರಿ ಅಂಗಡಿ, ಸ್ವಾಮೀ. ಅವರ ಮಗಳಿಗೆ ಮದುವೆ ಗೊತ್ತಾಗಿದೆ. ಹುಡುಗ ಒಳ್ಳೆಯವನು, ಸ್ವಲ್ಪ ಕುಳ್ಳ. ಮುಂದೆ ಮೋರಿ. ಮೋರಿ ಮೇಲಿನ ಕಲ್ಲು ಇನ್ನೂ ಅಲ್ಲಾಡುತ್ತೆ. ಯಾರೂ ಸರಿ ಮಾಡಿಸಿಲ್ಲ. ಹೇಳಿದ್ರೂ ಕೇಳೋರಿಲ್ಲ..."

"ದೇವರೇ," ಡ್ರೈವರ್ ನಡುವೆ ಬಾಯಿ ಹಾಕಿದ. "ಸಿಸ್ಟರ್ ಯಾಕೋ ಇವತ್ತು ಬೀದಿಯಲ್ಲೇ ಸುತ್ತಿಸ್ತಾ ಇದಾರೆ. ಮೋರಿ ಪಕ್ಕದ್ದೇ ನಮ್ಮನೆ. ಒಳಗೆ ಹೋಗೋಕೆ ಹೇಳಪ್ಪ."

ಸಿಸ್ಟರ್ ಮೋರಿಯ ಕಲ್ಲಿನ ಮೇಲೇ ನಿಂತುಬಿಟ್ಟರು. ಹಿಂದಿನ ದಿನ ಅವನ ಅಕ್ಕ ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತಿದ್ದಳು. "ಅಮ್ಮ ಹೋಗ್ಬಿಟ್ರು ಸಿಸ್ಟರ್. ಮಣ್ಣು ಮಾಡಿದ್ದೂ ಆಯ್ತು. ಅವನಿಗೆ ಮಾತ್ರ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಅಮ್ಮನ್ನ ನೋಡ್ಬೇಕು ಅನ್ನೋ ಒಂದೇ ಆಸೆ ಮೇಲೆ ಜೀವ ಹಿಡ್ಕೊಂಡಿದಾನೆ." ಆಗಲಿ ಎಂದು ಮಾತು ಕೊಟ್ಟಿದ್ದರು ಸಿಸ್ಟರ್. ಅಮ್ಮ ಚೆನ್ನಾಗಿದಾರೆ ಅಂದುಬಿಟ್ಟರಾಯಿತು, ಎರಡೇ ಮಾತು, ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೂ ಬಂದಿದ್ದರು. ಆದರೆ ಆ ಎರಡು ಮಾತನ್ನು ಯಾರಿಗೆ ಹೇಳಬೇಕಾಗುತ್ತದೆ ಎಂಬುದು ಅವರಿಗೆ ಹೊಳೆದಿರಲೇ ಇಲ್ಲ. ಮನುಷ್ಯರಿಗೆ ಸುಳ್ಳು ಹೇಳಬಹುದು, ಆಮೇಲೆ ತಪ್ಪಾಯಿತು ಅನ್ನಬಹುದು. ಕೈ ಜೋಡಿಸಿ, ಕಣ್ಣು ಮುಚ್ಚಿ, ಸ್ವಾಮೀ ಎಂದು ಕರೆದಾದ ಮೇಲೆ ಹೇಗೆ ಹೇಳುವುದು? ಅಯ್ಯೋ, ಎಂಥ ಇಕ್ಕಟ್ಟಿಗೆ ಸಿಕ್ಕಿಕೊಂಡೆನಲ್ಲ ಎಂದು ಅವರಿಗೆ ಅಳು ಬಂತು.

"ಸ್ವಾಮೀ," ಎಂದರು ಕೊನೆಗೆ. "ಬಾಗಿಲು ತೆಗೆದಿದೆ. ಒಳಗೆ ಇವನ ಅಕ್ಕ ಇದಾಳೆ. ಅತ್ತು ಅತ್ತು ಕಣ್ಣು ಊದಿಸ್ಕೊಂಡಿದಾಳೆ."

"ಅಮ್ಮ?"

"ಹಾಸಿಗೆ ಸುತ್ತಿ ಇಟ್ಟಿದಾರೆ, ಸ್ವಾಮೀ. ಭಾನುವಾರ ಬೆಳಗ್ಗೆ ನಿದ್ದೆಯಲ್ಲೇ ನೀನು ಅವರನ್ನ ಕರ್ಕೊಂಡೆ. ಯಾಕೆ ಕರ್ಕೊಂಡೆ ಅಂತ ಇವನು ಕೇಳಿದ್ರೆ ನಾನೇನು ಹೇಳಲಿ? ನಂಗೂ ಗೊತ್ತಿಲ್ಲ."

ಎಷ್ಟೋ ಹೊತ್ತು ಇಬ್ಬರೂ ಆ ಮನೆಯಲ್ಲೇ ಕೂತಿದ್ದರು. ಕಿಟಕಿಯ ಬಿಸಿಲು ಹೊಲಿಗೆ ಮಷೀನಿನ ಮೇಲಿಂದ ಮೆಲ್ಲಗೆ ನೆಲಕ್ಕೆ ಇಳಿಯಿತು. ಅಕ್ಕ ಎದ್ದು ಒಳಗೆ ಹೋದಳು. ಅವನು ಈಗ ಕೂಗುತ್ತಾನೆ, ಮೇಜು ಒದೆಯುತ್ತಾನೆ, ದೇವರನ್ನೂ ತನ್ನನ್ನೂ ಸೇರಿಸಿ ಬೈಯುತ್ತಾನೆ ಎಂದು ಸಿಸ್ಟರ್ ಕಾದರು. ಏನೂ ಕೇಳಿಸದಿದ್ದಾಗ ಹೆದರಿಕೆಯಾಗಿ ಕಣ್ಣು ಬಿಟ್ಟರು. ಡ್ರೈವರಿನ ಕಣ್ಣು ಮುಚ್ಚಿಯೇ ಇತ್ತು. ನೀರು ಗಡ್ಡಕ್ಕಿಳಿದಿತ್ತು. ಇಷ್ಟು ದಿನ ದೇವರೇ ಅನ್ನುವಾಗೆಲ್ಲ ಅವನ ಮುಖ ಸಿಸ್ಟರ್ ಕಡೆಗೇ ಇರುತ್ತಿತ್ತು. ಈಗ ಅದು ಮೇಲಕ್ಕೆ, ಚಾವಣಿಯ ಕಡೆಗೆ ತಿರುಗಿತ್ತು.

"ದೇವರೇ," ಎಂದ. "ನಮ್ಮಮ್ಮಂಗೆ ಎಡಗಿವಿ ಪೂರ್ತಿ ಕೇಳ್ಸಲ್ಲ. ಬಲಗಡೆ ಕೂತ್ಕೊಂಡು, ಸ್ವಲ್ಪ ಗಟ್ಟಿಯಾಗಿ ಮಾತಾಡ್ಸು."