ಮಾತು ಹೊಳ್ಳಿ ಬರುವ ದಾರಿ

“ಅರ್ಥಿಂಗ್ ಅಂದ್ರೇನು? ಹೇಳು,” ಎಂದು ಅಮರಪ್ಪ ಸಾಹೇಬರು ಕೇಳಿದಾಗ, ಕಂಬದ ತುದಿಯಲ್ಲಿ ನಿಂತು ಬುತ್ತಿ ಬಿಚ್ಚಿ ಉಣ್ಣಬಲ್ಲ ಸಿದ್ದರಾಯ ಗಟ್ಟಿ ನೆಲದ ಮೇಲೆ ನಿಂತು ಗೋಡೆ ಹಿಡಿದುಕೊಂಡ.

ಬಬಲೇಶ್ವರದ ಗುರಲಿಂಗಪ್ಪನ ಹತ್ತಿ ಅಂಗಡಿಯ ಫೋನು ಶನಿವಾರದಿಂದ ಸತ್ತಿತ್ತು. ಅದನ್ನು ನೋಡಲು ಧಾರವಾಡದ ಟೆಲಿಫೋನ್ ಇಲಾಖೆಯಿಂದ ಬಂದ ಸಾಹೇಬರು, ಅಂಗಡಿಯ ಕಟ್ಟೆಯ ಮೇಲೆಯೇ ಸಿದ್ದರಾಯನ ಪರೀಕ್ಷೆಯನ್ನೂ ಮುಗಿಸುವವರಿದ್ದರು. ಪಾಸಾದರೆ ಕಾಯಂ ಲೈನ್‌ಮನ್. ಇಲ್ಲವಾದರೆ ಎಂಟು ವರ್ಷದ ದಿನಗೂಲಿಗೆ ಶರಣು ಹೊಡೆದು, ತನ್ನೂರು ತೊರವಿಗೆ ಹೋಗಿ ಅಪ್ಪನ ಕುರಿ ಕಾಯುವುದು.

ಸಿದ್ದರಾಯನೇನು ಸಾಮಾನ್ಯನಲ್ಲ. ಬೇರೆಯವರು ಏಣಿ ತರುವುದರೊಳಗೆ ಕಂಬ ಹತ್ತಿ ಇಳಿದಿರುತ್ತಿದ್ದ. ಅಳಿಲುಗಳು ಅವನಿಗೆ ದಾರಿ ಬಿಡುತ್ತಿದ್ದವು. ತಂತಿಗೆ ನಾಲಿಗೆ ತಾಗಿಸಿದರೆ ಸಾಕು, ಟಿಕೋಟಾದಲ್ಲಿ ಮಾತಾಡುವವನು ಉಂಡದ್ದು ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ ಹೇಳಿಬಿಡುತ್ತಿದ್ದ. ಸಾಹೇಬರ ಕೈಯಲ್ಲಿದ್ದ ಪುಸ್ತಕದ ಶಬ್ದಗಳಿಗೆ ಮಾತ್ರ ಆ ನಾಲಿಗೆ ಹೊರಳುತ್ತಿರಲಿಲ್ಲ.

“ಬರೂದಿಲ್ರಿ ಸಾಹೇಬ್ರ.”

“ಹೋಗಲಿ, ಇನ್ಸುಲೇಟರ್?”

“ಕಂಬದ ಮ್ಯಾಲಿನ ಬಿಳಿ ಪಿಂಗಾಣಿ ಬಟ್ಲ ಅನ್ನೂದು ಗೊತ್ರಿ. ಪುಸ್ತಕದಾಗಿನಂಗ ಹೇಳಾಕ ಬರೂದಿಲ್ರಿ.”

ಹೊಸ್ತಿಲಲ್ಲಿ ಬತ್ತಿ ಹೊಸೆಯುತ್ತಿದ್ದ ಗುರಲಿಂಗಪ್ಪನ ತಾಯಿ ಲಕ್ಕವ್ವನಿಗೆ ತಡೆಯಲಾಗಲಿಲ್ಲ. “ಅಲ್ರಿ ಸಾಹೇಬ್ರ, ನಿಮಗ ಗೊತ್ತಿದ್ದದ್ದನ್ನ ಅಂವಗ ಯಾಕ ಕೇಳತೀರಿ? ಫೋನ್ ಯಾಕ ಸತ್ತೈತಿ ಅನ್ನೂದು ಇಬ್ರಿಗೂ ಗೊತ್ತಿಲ್ಲ, ಅದನ್ನ ಕೇಳ್ರಿ!”

ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಪುಸ್ತಕ ಮುಚ್ಚಿ ಮೀಟರ್ ತೆರೆದರು. ತಂತಿ ಸರಿಯಿತ್ತು. ಫೋನಿನ ಪೆಟ್ಟಿಗೆಯೂ ಸರಿಯಿತ್ತು. ಆದರೂ ಫೋನಿನೊಳಗೆ ಒಂದು ಸೊಳ್ಳೆಯ ಸದ್ದೂ ಇಲ್ಲ. ಸಿದ್ದರಾಯ ತಂತಿಯ ತುದಿಯನ್ನು ನಾಲಿಗೆಗೆ ತಾಗಿಸಿ ಥೂ ಎಂದು ಉಗಿದ.

“ಮಾತು ಹೋಗತೈತ್ರಿ, ಹೊಳ್ಳಿ ಬರವಲ್ದು. ತಂತಿ ಒಂದ ಐತಲ್ರಿ. ಹೊಲಕ್ಕ ಹೋದ ಎತ್ತು ಹೊಳ್ಳಿ ಮನಿಗೂ ಬರಬೇಕು. ಹೋಗಾಕ ತಂತಿ, ಬರಾಕ ನೆಲ. ಆ ನೆಲದಾಗಿನ ದಾರಿ ಕಟ್ಟೈತ್ರಿ.”

ಸಾಹೇಬರು ಮೀಟರ್ ಮುಚ್ಚಿಡುವುದರೊಳಗೆ ಸಿದ್ದರಾಯ ಆಗಲೇ ಅಂಗಡಿಯ ಹಿಂದಕ್ಕೆ ಓಡಿದ್ದ. ಎರಡು ವರ್ಷದ ಹಿಂದೆ ಅವನೇ ನೆಲದಲ್ಲಿ ಹುಗಿದಿದ್ದ ಕಬ್ಬಿಣದ ಸರಳು ಈಗ ಮೈತುಂಬ ವಿಭೂತಿ, ಕುಂಕುಮ ಬಳಿದುಕೊಂಡು ನಿಂತಿತ್ತು. ಸುತ್ತಲಿನ ಎರೆಮಣ್ಣು ಎಣ್ಣೆ ಕುಡಿದು ಹೊಸ ಚರ್ಮದ ಜೋಡಿನಂತೆ ಮಿರಿಮಿರಿ ಮಿಂಚುತ್ತಿತ್ತು.

“ಆಚೆ ಬಿಡ್ರೀ ಬೂಟು!” ಎಂದು ಸಾಹೇಬರ ಬೆನ್ನಿಗೇ ಲಕ್ಕವ್ವ ಬಂದಳು. “ಸರಳಪ್ಪ ಅದಾನ ಅಲ್ಲಿ. ನನ್ನ ಮೊಮ್ಮಗಳ ಜ್ವರ ಬಿಡಿಸ್ಯಾನ. ಮೊನ್ನಿ ಶನಿವಾರ ಒಂದ ಡಬ್ಬಿ ಕುಸುಬಿ ಎಣ್ಣಿ ಹೊಯ್ದೀನಿ.”

“ಎಣ್ಣಿಯೊಳಗ ಕರೆಂಟ್ ಹರೀತದೇನು? ಇದು ದೇವರು ಅಂತ ನಿಮಗ ಹೇಳಿದವರು ಯಾರು?” ಸಾಹೇಬರು ಗುಡುಗಿದರು.

“ಇಂವನ!” ಲಕ್ಕವ್ವ ಸಿದ್ದರಾಯನತ್ತ ಬೆರಳು ಮಾಡಿದಳು. “ಚಪ್ಪಲಿ ಬಿಟ್ಟ. ಕುಣ್ಯಾಗ ಉಪ್ಪು ಹಾಕಿದ, ಇದ್ದಲಿ ಹಾಕಿದ, ನೀರು ಹೊಯ್ದ. ಕಡೀಕ ಕೈ ಮುಗದ. ದ್ಯಾವ್ರಲ್ಲದಕ್ಕ ಯಾರರೆ ಕೈ ಮುಗೀತಾರೇನ್ರಿ?”

ಸಾಹೇಬರು ಸಿದ್ದರಾಯನ ಕಡೆ ತಿರುಗಿದರು. ಮುದುಕಿಗೆ ಅರುಳು ಮರುಳು ಎಂದುಬಿಟ್ಟಿದ್ದರೆ ಅವನು ಪಾರಾಗುತ್ತಿದ್ದ. ಎಂಟು ವರ್ಷದ ಕಂಬಗಳೆಲ್ಲ ಒಮ್ಮೆ ಕಣ್ಣ ಮುಂದೆ ಸಾಲಾಗಿ ನಿಂತವು.

“ಆಯಿ ಖರೇನ ಹೇಳತಾಳ್ರಿ. ಉಪ್ಪು, ಇದ್ದಲಿ ಇಲಾಖೆದ್ದು. ಕೈ ಮುಗದದ್ದು ನಂದು. ನಮ್ಮಪ್ಪ ಕುರಿ ತರಬಿ ರಾತ್ರಿ ಉಳಿಯೂ ಜಾಗಾದಾಗ ನೆಲಕ್ಕ ಕೈ ಮುಗೀತಾನ, ಅದ ರೂಢಿ.” ಆಮೇಲೆ ಲಕ್ಕವ್ವನಿಗೆ ಮೆಲ್ಲಗೆ ಹೇಳಿದ: “ಅದು ದ್ಯಾವ್ರಲ್ಲಬೇ ಆಯಿ. ಅದು ನನ್ನ ಕೆಲಸ.”

ಲಕ್ಕವ್ವ ಸರಳನ್ನೂ ಅವನನ್ನೂ ನೋಡಿದಳು. “ಕೆಲಸ ಆದ್ರ ಏನಾತು? ಎಣ್ಣಿ ಉಣ್ಣೂದಿಲ್ಲಂದ್ರ ಏನ್ ಉಣ್ಣತೈತಿ, ಅದನ್ನ ಹೇಳು.”

“ದಿನಾ ಒಂದ ಕೊಡ ನೀರು. ಯಾವಾಗರೆ ಒಂದ ಹಿಡಿ ಉಪ್ಪು.”

“ಅಷ್ಟ? ನಮ್ಮ ಗುರಲಿಂಗನಕಿಂತ ಬೇಶ್ ಐತಿ. ಅಂವಗ ಮಜ್ಜಿಗೀನೂ ಬೇಕು.”

ಸಿದ್ದರಾಯ ಸಲಿಕೆ ಹಿಡಿದ. ಅವನು ತೋಡಿ ಒಗೆದ ಜಿಡ್ಡು ಮಣ್ಣು ಹರದಾರಿಗಟ್ಟಲೆ ದೂರದ ಕಾಖಂಡಕಿಯ ಹೊಲಗಳಲ್ಲಿ ಬಿದ್ದಿತಂತೆ. ಎಲೆ ಅಡಿಕೆ ಜಗಿದು ಮುಗಿಸುವುದರೊಳಗೆ ಹೊಸ ಮಣ್ಣು, ಉಪ್ಪು, ಇದ್ದಲು ತುಂಬಿ, ಕೊಡದ ನೀರು ಸುರಿದು ತಂತಿ ಬಿಗಿದ. ಸಾಹೇಬರು ಅಷ್ಟೂ ಹೊತ್ತು ಪುಸ್ತಕ ತೆರೆದು, ಅರ್ಥಿಂಗ್ ಎಂಬ ಶಬ್ದದ ಪಕ್ಕ ಪೆನ್ಸಿಲಿನಲ್ಲಿ ಏನೋ ಬರೆಯುತ್ತಿದ್ದರು. ಸಿದ್ದರಾಯ ಬಗ್ಗಿ ನೋಡಿದ. ಹೋಗಲು ತಂತಿ, ಬರಲು ನೆಲ ಎಂದು ಬರೆದಿತ್ತು.

ಒಳಗೆ ಬಂದು ಸಾಹೇಬರೇ ಫೋನಿನ ಹಿಡಿ ತಿರುಗಿಸಿದರು. ಗರ್ ಎಂದಿತು. ಅವರು ರಿಸೀವರನ್ನು ತಮ್ಮ ಕಿವಿಗೆ ಹಿಡಿಯದೆ ಸಿದ್ದರಾಯನ ಕೈಗೆ ಕೊಟ್ಟರು.

“ವಿಜಾಪುರ ಎಕ್ಸ್‌ಚೇಂಜ್. ಯಾರ್ರೀ ಮಾತಾಡೂದು?” ಆಪರೇಟರ್ ಹಸೀನಾಳ ದನಿ.

ಸಿದ್ದರಾಯ ಸಾಹೇಬರ ಮುಖ ನೋಡಿದ.

“ನನ್ನ ಮುಖ ಏನ್ ನೋಡ್ತಿ? ಬಬಲೇಶ್ವರದ ಲೈನ್‌ಮನ್ ಅಂತ ಹೇಳು.”

ಸಿದ್ದರಾಯ ಎದೆತುಂಬ ಉಸಿರೆಳೆದು ಹೇಳಿದ. ಅತ್ತ ಹಸೀನಾ ಬೆಚ್ಚಿ ಕಿವಿಯ ಮೇಲಿನ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಆದರೂ ವಿಜಾಪುರದ ಸ್ಟೇಷನ್ ರಸ್ತೆಯ ಟಾಂಗಾ ಕುದುರೆಗಳೆಲ್ಲ ನಡುರಸ್ತೆಯಲ್ಲಿ ನಿಂತು, ಬಬಲೇಶ್ವರದ ಕಡೆಗೆ ಕಿವಿ ನಿಮಿರಿಸಿದವು.