ಕುರ್ಚಿ ಬಂದಳು

ವಸ್ತುಗಳಿಗೂ ಹೆಣ್ಣು-ಗಂಡು ಎನ್ನುವ ಸ್ಪ್ಯಾನಿಷ್ ವ್ಯಾಕರಣ ಕಲಿತು, ಹೇಳಿದ ಮಾತಿಗೆ ತಾವೇ ಕದಲುವ ಸಾಮಾನುಗಳು ಕುಮಟೆಯ ಮನೆಮನೆಗೂ ಬಂದ ಮೇಲೆ ಯಾವುದು ಹೆಣ್ಣು, ಯಾವುದು ಗಂಡು ಎಂದು ಜನ ಕಲಿಯಲೇಬೇಕಾಯಿತು. ಕುರ್ಚಿ ಹೆಣ್ಣು, ಬಾಗಿಲು ಹೆಣ್ಣು, ಫ್ಯಾನು ಗಂಡು. ‘ಅದು’ ಎಂದರೆ ಯಾವ ಸಾಮಾನೂ ಕದಲುತ್ತಿರಲಿಲ್ಲ.

ಗಜಾನನ ಹೆಗಡೆಯವರು ಇದನ್ನೆಲ್ಲ ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದರು. ಪಕ್ಕದ ಮನೆಯ ಸುಬ್ರಾಯ ಬಂದಾಗ, “ಅವಳು ತೆಗೀಲಿ” ಎಂದರು. ಬಾಗಿಲು ತೆರೆದುಕೊಂಡಳು. “ಅವಳು ಬರ್ಲಿ” ಎಂದರು. ಕುರ್ಚಿ ಬಂದಳು. “ಅವನು ತಿರುಗ್ಲಿ” ಎಂದರು. ಫ್ಯಾನು ತಿರುಗಿದನು.

“ಕೂತ್ಗ ಸುಬ್ರಾಯ. ಅದು ಈಗ ಚಾ ತತ್ತು” ಎಂದರು, ಒಳಗೆ ಚಾ ಕಾಸುತ್ತಿದ್ದ ಹೆಂಡತಿಯ ಬಗ್ಗೆ.

ಒಲೆಯ ಮುಂದಿದ್ದ ವೇದಾವತಿಗೆ ಮೈಯೆಲ್ಲ ಉರಿದುಹೋಯಿತು. ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

“ಕುರ್ಚಿಗೆ ‘ಅವಳು’, ಬಾಗಿಲಿಗೆ ‘ಅವಳು’. ಕೈ ಹಿಡಿದು ಬಂದ ನಂಗೆ ಮಾತ್ರ ‘ಅದು’?”

“ನಮ್ಮ ಬದಿಗೆ ಹೆಂಗಸ್ರಿಗೆ ಹಾಂಗೇ ಹೇಳದಲ್ದನೇ? ಅಜ್ಜನ ಕಾಲದಿಂದ್ಲೂ ಹಾಂಗೇಯ” ಎಂದು ಹೆಗಡೆಯವರು ನಕ್ಕರು.

ವೇದಾವತಿ ಒಳಗೆ ಹೋಗಿ ಒಲೆ ಆರಿಸಿದಳು. “ಬಾರೇ ತಂಗಿ” ಎಂದು ಇನ್ನೊಂದು ಕುರ್ಚಿಯನ್ನು ಕರೆದು, ಗಂಡನ ಎದುರಿಗೇ ಕೂತಳು.

“ಚಾ ಎಂತಾತೇ?”

“ಈ ಮನೇಲಿ ‘ಅದು’ ಅಂದ್ರೆ ಯಾವ್ದೂ ಕದಲ್ತಿಲ್ಲೆ.”