ಕಿತ್ತಳೆ ಬಣ್ಣದ ಎರಡನೇ ಅಂಗಿ

“ಆ ಹೆಗ್ಗಣನ ಮೊದಲು ಮೈಮೇಲಿಂದ ತೆಗಿ. ಆಮೇಲೆ ಊಟ,” ಎಂದಳು ಮೊರೀನ್.

ಮಗಳು ಟೆಸ್ಸಾ ತೆಗೆಯಲಿಲ್ಲ. ಕುರ್ಚಿ ಎಳೆದು ಕೂತಳು. ಹೊಚ್ಚಹೊಸ ಕಿತ್ತಳೆ ಬಣ್ಣದ ಸ್ವೆಟ್‌ಶರ್ಟ್. ಎದೆಯ ಮೇಲೆ ಎಲ್ಕ್ ರನ್ ಸ್ಟೇಟ್ ಕಾಲೇಜಿನ ಗುರುತು, ಹಲ್ಲು ಕಿಸಿದ ನೀರುಹೆಗ್ಗಣ. ಒಲೆಯ ಮುಂದೆ ಆಲೂಗಡ್ಡೆ ಹಿಸುಕುತ್ತಿದ್ದ ಇರ್ಮಾ ಅಜ್ಜಿಗೆ ಅದು ತನ್ನನ್ನೇ ನೋಡಿ ನಗುತ್ತಿದೆ ಅನ್ನಿಸಿತು.

ಬೆಳಗಾದರೆ ಮೇ ಒಂದು. ಹೈಸ್ಕೂಲು ಮುಗಿಸುವ ಮಕ್ಕಳೆಲ್ಲ ತಾವು ಸೇರಲಿರುವ ಕಾಲೇಜಿನ ಅಂಗಿ ತೊಟ್ಟು ಶಾಲೆಗೆ ಹೋಗುವ ದಿನ. ಯಾರ ಮಗು ಎಲ್ಲಿಗೆ ಅಂತ ಒಹಾಯೋದ ಆ ಪುಟ್ಟ ಊರಿಗೆ ಮಧ್ಯಾಹ್ನದೊಳಗೆ ಗೊತ್ತಾಗಿಬಿಡುತ್ತದೆ. ಟೆಸ್ಸಾಗೆ ಆಲ್ಡೆನ್‌ಬರಿಯಲ್ಲಿ ಸೀಟು ಸಿಕ್ಕಿತ್ತು. ಹೆಸರು ಕೇಳಿದರೇ ಜನ ದನಿ ತಗ್ಗಿಸುವಂಥ ಕಾಲೇಜು. ಸುದ್ದಿ ಬಂದ ಸಂಜೆಯೇ ಮೊರೀನ್ ಅದರ ಸ್ಟಿಕ್ಕರನ್ನು ಕಾರಿನ ಹಿಂದಿನ ಗಾಜಿಗೆ ಮೆತ್ತಿದ್ದಳು. ಅಲ್ಲಿಯ ನೀಲಿ ಅಂಗಿಯೂ ಬಂದು ಬಿದ್ದಿತ್ತು. ಹುಡುಗಿ ಹೂಂ ಅಂದಿದ್ದಾಳಾ ಅಂತ ಮಾತ್ರ ಯಾರೂ ಕೇಳಿರಲಿಲ್ಲ.

“ಡಾಕ್ಟರಾಗೋಕೆ ಈ ನಾಲ್ಕು ವರ್ಷ ಬರೀ ಬಾಗಿಲು, ಅಮ್ಮ,” ಎಂದಳು ಟೆಸ್ಸಾ. “ಮೆಡಿಕಲ್ ಸ್ಕೂಲು ಅನ್ನೋ ಮನೆ ಇರೋದು ಅದರಾಚೆ. ಬಾಗಿಲಿಗೇ ಎಲ್ಲಾ ಸುರಿದ್ರೆ ಒಳಗೆ ಬರಿಗೈಲಿ ಹೋಗ್ಬೇಕು. ರಸಾಯನಶಾಸ್ತ್ರ ಎರಡು ಕಡೆನೂ ಒಂದೇ.”

“ಆ ಹೆಗ್ಗಣದ ಕಾಲೇಜಿಂದ ಡಾಕ್ಟರಾಗಿ ಬಂದೋರನ್ನ ನಾನಂತೂ ನೋಡಿಲ್ಲ,” ಎಂದಳು ಅಜ್ಜಿ.

ಸೊಸೆ ತನ್ನ ಪರವಾಗಿ ಏನಾದರೂ ಹೇಳಿಯಾಳು ಅಂದುಕೊಂಡಳು. ಮೊರೀನ್ ಮೇಜಿನ ಮೇಲಿಲ್ಲದ ಕಲೆಯನ್ನು ಒರೆಸತೊಡಗಿದಳು.

ಪಾಪ, ಅವಳಿಗೂ ಸಂಕಟ, ಅಂದುಕೊಂಡಳು ಇರ್ಮಾ. ಕಾಲೇಜು ನಡುವೆಯೇ ಬಿಟ್ಟು ಮದುವೆಯಾಗಿ ಬಂದವಳು. ಹಲ್ಲಿನ ಡಾಕ್ಟರ ಶಾಪಿನಲ್ಲಿ ದಿನವಿಡೀ ಫೋನೆತ್ತಿ ಬಂದು, ಸಂಜೆ ಮಗಳನ್ನು ಕೂರಿಸಿಕೊಂಡು ಜೀವಶಾಸ್ತ್ರ ಒಪ್ಪಿಸಿಕೊಳ್ಳುತ್ತಿದ್ದಳು, ಪುಸ್ತಕ ಮುಚ್ಚಿಟ್ಟುಕೊಂಡೇ. ಎಲ್ಲ ಈ ಹೆಗ್ಗಣಕ್ಕೆ ನೈವೇದ್ಯ.

“ದುಡ್ಡಿನ ಚಿಂತೆ ನಿನಗ್ಯಾಕೆ? ನಿಮ್ಮಪ್ಪ ಇಟ್ಟು ಹೋಗಿದ್ದಾನೆ,” ಎಂದಳು ಮೊರೀನ್.

“ಓದಿಗೆ ಅಂತ ಇಟ್ಟಿದ್ದು. ಆಲ್ಡೆನ್‌ಬರಿಗೆ ಅಂತಲ್ಲ.”

ಇರ್ಮಾ ಸೌಟು ಕೆಳಗಿಟ್ಟಳು. ಅದು ಅವಳ ತೀರಿಹೋದ ಮಗ ಫ್ರಾಂಕ್, ಕ್ರೇನ್ ಯಂತ್ರದ ಮೇಲೆ ಕೂತು ಬೆವರಿದ ದುಡ್ಡು. ಮಾತಾಡುವ ಹಕ್ಕು ತನಗೂ ಇದೆ. ಮಾತಾಡಲೆಂದೇ ಮೇಜಿನ ಬಳಿ ಬಂದಳು. ಕಾಲಿಗೆ ಅಂಗಡಿಯ ಚೀಲ ತೊಡರಿತು. ಒಳಗೆ ಇನ್ನೊಂದು ಕಿತ್ತಳೆ ಅಂಗಿ. ಮೊದಲನೆಯದಕ್ಕಿಂತ ದೊಡ್ಡದು.

“ಇದು ಯಾರಿಗೆ?” ಎಂದಳು.

ಟೆಸ್ಸಾಳ ಕಿವಿ ಕೆಂಪಾಯಿತು. “ನನ್ನ ಜೊತೆ ಓದೋಕೆ ಬರೋರಿಗೆ.”

“ಓಹೋ,” ಎಂದು ಅಜ್ಜಿ ಸೊಸೆಯತ್ತ ತಿರುಗಿದಳು. “ರಸಾಯನಶಾಸ್ತ್ರ ಅಂತೆ. ನೋಡು, ಅದರ ಭುಜದ ಅಳತೆ.”

ಟೈರ್ ಅಂಗಡಿಯ ಕೋಲ್ಬಿ. ಇನ್ಯಾರು? ದಿನಾ ಸಂಜೆ ಹುಡುಗಿಯನ್ನು ಬಾಗಿಲವರೆಗೆ ಬಿಟ್ಟು ಹೋಗುವವನು. ಅದೇ ಎಲ್ಕ್ ರನ್ನಿಗೆ ಒಂದು ವರ್ಷ ಹೋಗಿ, ಬಿಟ್ಟು ಬಂದು, ಟೈರು ಉರುಳಿಸುತ್ತಿದ್ದವನು.

“ಅವನಿಗೋಸ್ಕರ ಆಲ್ಡೆನ್‌ಬರಿ ಬಿಡ್ತೀಯಾ?” ಮೊರೀನಳ ದನಿ ಒಡೆಯಿತು.

“ಯಾರಿಗೋಸ್ಕರಾನೂ ಬಿಡ್ತಿಲ್ಲ. ನನಗೇ ಅದು ಬೇಡ. ಜೊತೆಗೆ ಬರೋರು ಬರ್ಲಿ ಬಿಡ್ಲಿ, ನಾನಂತೂ ಹೋಗೋಳೇ. ಬಂದ್ರೆ ಒಳ್ಳೇದು. ಇನ್ನೂ ಕೇಳಿಲ್ಲ, ಭಾರೀ ಹಟದ ಸ್ವಭಾವ.”

“ಕೇಳೋಕ್ಮುಂಚೇನೇ ಅಂಗಿ ಹೊಲಿಸಿದಾಳೆ,” ಎಂದಳು ಅಜ್ಜಿ. “ಫೀಸು ಯಾರು ಕಟ್ಟೋದು, ಟೈರಾ?”

“ಅಪ್ಪನ ದುಡ್ಡು. ಆಲ್ಡೆನ್‌ಬರಿ ಒಬ್ಬಳಿಗೆ ಕೇಳೋದ್ರಲ್ಲಿ ಇಲ್ಲಿ ಇಬ್ಬರು ಓದಿ, ಮುಂದಕ್ಕೂ ಉಳಿಯುತ್ತೆ. ಬ್ಯಾಂಕಿನಲ್ಲಿ ಕೇಳಿದೀನಿ. ಆ ಖಾತೆಯಿಂದ ಇನ್ನೊಬ್ಬರ ಓದಿಗೂ ಕೊಡಬಹುದಂತೆ, ನಮ್ಮ ಮನೆಯವರೇ ಆಗಿದ್ರೆ.”

ನಮ್ಮ ಮನೆಯವರು. ಇರ್ಮಾ ಕುರ್ಚಿ ಹುಡುಕಿ ಕೂತಳು. ಮದುವೆಯವರೆಗೆ ಹೋಗಿದೆ ಸಂಗತಿ, ಹದಿನೆಂಟು ತುಂಬಿದ ಮಗುವಿನದು.

“ಟೆಸ್ಸಾ,” ಮೊರೀನ್ ಮಗಳ ಎದುರು ಬಗ್ಗಿದಳು. “ಅರ್ಧಕ್ಕೆ ಬಿಟ್ಟೋರು ಮತ್ತೆ ಹೋಗಲ್ಲ. ಹೋದ್ರೂ ನಿಲ್ಲಲ್ಲ. ನನ್ನ ಕೇಳು.”

“ನಿನ್ನೇ ಕೇಳ್ತಿರೋದು,” ಎಂದಳು ಟೆಸ್ಸಾ. ಕಣ್ಣು ಕೆಳಗಿಳಿಸಲಿಲ್ಲ.

ಎಂಥ ಎದುರುತ್ತರ. ಸೊಸೆ ಕೆನ್ನೆಗೊಂದು ಬಿಡುವುದನ್ನೇ ಇರ್ಮಾ ಕಾದಳು. ಮೊರೀನ್ ಕೈ ಎತ್ತಲಿಲ್ಲ; ಆ ದೊಡ್ಡ ಅಂಗಿಯನ್ನು ಬಾಚಿಕೊಂಡು ಕಾರಿನ ಕೀಲಿ ಕಿತ್ತುಕೊಂಡಳು.

“ಅವನ ಮುಖದ ಮೇಲೆ ಎಸೆದು ಬರ್ತೀನಿ.”

“ಎಸಿ. ಎಸೆಯೋಕ್ಮುಂಚೆ ಒಂದ್ಸಲ ಬಿಡಿಸಿ ನೋಡು,” ಎಂದಳು ಟೆಸ್ಸಾ.

ಬಾಗಿಲು ಧಡಾರನೆ ಬಡಿಯಿತು. ಟೆಸ್ಸಾ ತಟ್ಟೆಗೆ ಆಲೂಗಡ್ಡೆ ಬಡಿಸಿಕೊಂಡಳು. ಬಡಿಸಿಕೊಂಡದ್ದನ್ನು ಮುಟ್ಟದೆ ಬಾಗಿಲತ್ತಲೇ ಕಿವಿಗೊಟ್ಟು ಕೂತಳು. ಈಗ ಭಯ ಹತ್ತಿತು ನೋಡು, ಅಂದುಕೊಂಡಳು ಅಜ್ಜಿ.

ಕಾರು ಹೊರಡುವ ಸದ್ದೇ ಇಲ್ಲ. ಬದಲಿಗೆ ಹೊರಗೆ ಕರ ಕರ ಅಂತ ಏನೋ ಸದ್ದು. ಕೀಲಿಯಲ್ಲಿ ಬಾಗಿಲು ಗೀಚುತ್ತಿದ್ದಾಳೋ ಹೇಗೆ? ಇರ್ಮಾ ಎದ್ದು ಅಡಿಗೆಮನೆಯ ಕಿಟಕಿ ಮೇಲೆತ್ತಿ ಕೂಗಿದಳು:

“ಏ ಮೊರೀನ್, ಹೊರಟ್ಯೋ ಇಲ್ವೋ?”

“ಹೊರಟೆ, ಅತ್ತೆ.” ಸೊಸೆ ತಿರುಗಲಿಲ್ಲ.

ಇಳಿಬಿಸಿಲಿನಲ್ಲಿ ಅವಳು ಇತ್ತ ಬೆನ್ನು ಮಾಡಿ ಬಗ್ಗಿ, ಹಿಮ ಕೆರೆಯುವ ಪಟ್ಟಿಯಿಂದ ಕಾರಿನ ಗಾಜಿನ ಮೇಲಿನ ಆಲ್ಡೆನ್‌ಬರಿ ಸ್ಟಿಕ್ಕರನ್ನು ಹೆರೆಯುತ್ತಿದ್ದಳು. ಕಿತ್ತಳೆ ಅಂಗಿ ಅವಳ ಮೈಮೇಲೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು, ಬೆನ್ನ ಮೇಲೆ ಬಿಳಿ ಅಕ್ಷರದಲ್ಲಿ ಅವಳದೇ ಹೆಸರು.